ಉಡಿಯಲ್ಲಿ ಹೋದ ಸಂಚಿ

ಅತ್ತೆಯ ಸಂಚಿಯನ್ನು ನಿನ್ನ ಉಡಿಗೆ ಹಾಕಿದವಳು ನಾನೇ, ಸ್ವರ್ಣಾ. ಬೇಕೆಂದು ಹಾಕಲಿಲ್ಲ. ಆದರೆ ಗೊತ್ತಾದ ಮೇಲೆ ಬಾಯಿ ಬಿಡಲಿಲ್ಲವಲ್ಲ — ಅದು ಬೇಕೆಂದೇ. ಇಷ್ಟು ವರ್ಷ ನೀನು ಕಳ್ಳಿ ಅನ್ನಿಸಿಕೊಂಡೆ, ನಾನು ಹಿರಿಸೊಸೆಯಾಗಿ ಮೆರೆದೆ.

ಎಲೆಯಡಿಕೆಯ ಆ ಬಟ್ಟೆ ಸಂಚಿಯೇ ಅತ್ತೆಗೆ ಪ್ರಾಣ. ಅದರಲ್ಲಿ ಅವರ ತಾಯಿಯ ಬುಗುಡಿ, ಟ್ರಂಕಿನ ಕೀಲಿ. ಧಾರವಾಡ ಬಿಟ್ಟು ವಿಶಾಖಪಟ್ಟಣಕ್ಕೆ, ನಮ್ಮ ನೌಕಾಪಡೆಯ ಕ್ವಾರ್ಟರ್ಸಿಗೆ ಬಂದ ಮೇಲೆ ದಿನಾ ಎಲ್ಲೋ ಇಟ್ಟು ಮರೆಯುತ್ತಿದ್ದರು. ಅದಕ್ಕೇ ಇವರು ಒಂದು ಬ್ಲೂಟೂತ್ ಟ್ಯಾಗ್ ತಂದು ಸಂಚಿಯ ಒಳಮಡಿಕೆಗೆ ಹೊಲಿಸಿದರು. ಫೋನಿನಲ್ಲಿ ಒತ್ತಿದರೆ ಸಂಚಿ ಹಾಸಿಗೆಯಡಿಯಿಂದ ಚೀರುತ್ತಿತ್ತು. “ನನ್ನ ಕೂಸು ಅಳಾಕ ಹತ್ತೇತಿ, ಎತ್ಕೋರವಾ” ಎಂದು ಅತ್ತೆ ನಗುತ್ತಿದ್ದರು. ದೂರ ಹೋದರೂ ಅಷ್ಟೇ, ಅದರ ಹತ್ತಿರ ಸುಳಿದ ಯಾರದೋ ಫೋನು ನಮಗೆ ಮ್ಯಾಪಿನಲ್ಲಿ ಜಾಗ ತೋರಿಸುತ್ತಿತ್ತು.

ನೀನು ನನ್ನ ಮೈದುನನ ಕೈಹಿಡಿದು ಬಂದ ತೆಲುಗು ಹುಡುಗಿ. ಮೊದಲ ಪಂಚಮಿಗೆ ವಿಜಯವಾಡದಿಂದ ಇಬ್ಬರೂ ಬಂದಿರಿ. “ತೆಲುಗರ ಹುಡುಗಿ ಆದ್ರೂ ಎಷ್ಟ್ ಚಂದ ಉಂಡಿ ಕಟ್ಟ್ಯಾಳ ನೋಡು” ಎಂದು ಅತ್ತೆ ನನ್ನ ಮುಂದೆಯೇ ಹೊಗಳಿದರು. ನನಗೆ ಹೊಟ್ಟೆ ಉರಿಯಿತು. ಹೌದು, ಉರಿಯಿತು — ಈಗ ಮುಚ್ಚಿಡುವುದೇನಿದೆ.

ನೀವು ಹೊರಡುವಾಗ ರೈಲಿನ ಗಡಿಬಿಡಿ. ಉಡಿ ತುಂಬಲು ಖಣ ಬೇಕಿತ್ತು. ಸಂಚಿಯ ಕೀಲಿಯಿಂದ ಟ್ರಂಕು ತೆಗೆದೆ, ಕೀಲಿಯನ್ನು ಮತ್ತೆ ಸಂಚಿಗೆ ಹಾಕಿದೆ, ಸಂಚಿಯನ್ನು ಮೊರದ ಅಕ್ಕಿಯ ಮೇಲಿಟ್ಟು, ಅದರ ಮೇಲೆಯೇ ಖಣ, ತೆಂಗಿನಕಾಯಿ ಇಟ್ಟೆ. ಇಡೀ ಮೊರವನ್ನು ನಿನ್ನ ಸೆರಗಿಗೆ ಸುರಿದು ಗಂಟು ಕಟ್ಟಿದೆ. “ಮನಿ ಮುಟ್ಟಿ ದೇವರ ಮುಂದ ಇಡೂತನಕ ಬಿಚ್ಚಬ್ಯಾಡವಾ” ಎಂದವಳೂ ನಾನೇ. ನೀನು ಬಿಚ್ಚಲಿಲ್ಲ.

ಮರುದಿನ ಅತ್ತೆ ಸಂಚಿಗಾಗಿ ಮನೆಯೆಲ್ಲ ತಡಕಾಡಿದರು. ಫೋನು ಒತ್ತಿದೆ, ಸದ್ದಿಲ್ಲ. ಮ್ಯಾಪು ನೋಡಿದರೆ — ಗವರ್ನರ್‌ಪೇಟೆ, ನಿನ್ನ ಮನೆಯ ಬೀದಿ!

“ಅತ್ತೀ, ಸಂಚಿ ಸ್ವರ್ಣಾನ ಮನ್ಯಾಗ ಐತ್ರೀ!” ಎಂದು ಕೂಗಿಬಿಟ್ಟೆ.

“ಹೇಳದ ಒಯ್ದಳೇನ?” ಎಂದರು ಅತ್ತೆ.

ಆಗಲೇ ಮೊರ ನೆನಪಾಯಿತು. ‘ಅಯ್ಯ, ನಾನ ಹಾಕೇನ್ರೀ’ ಅನ್ನಬೇಕಿತ್ತು. ಅಷ್ಟೇ ಮಾತು.

ತುಸು ಹೊತ್ತಿಗೇ ನಿನ್ನ ಫೋನು, ನಗುನಗುತ್ತಾ. “ಅಕ್ಕಾ, ಉಡಿ ಬಿಚ್ಚಿದರೆ ಅತ್ತಯ್ಯಗಾರ ಸಂಚಿ! ಹೇಗೆ ಬಂತೋ ಏನೋ. ಇವತ್ತೇ ಕಳಿಸ್ತೀನಿ, ಗಾಬರಿ ಬೇಡ ಅಂತ ಹೇಳಿ ಅಕ್ಕಾ.”

ಫೋನಿಟ್ಟು ನಾನು ಅತ್ತೆಗೆ ಹೇಳಿದ್ದು ಇದು: “ಮ್ಯಾಪಿನ್ಯಾಗ ಕಂಡಿದ್ದು ಗೊತ್ತಾತೇನೋ, ತಿರುಗಿ ಕಳಸ್ತಾಳಂತ್ರೀ.”

ಮುಂದಿನ ಹಬ್ಬಕ್ಕೆ ನೀನು ಬಂದಾಗ “ಸ್ವರ್ಣಾ ಬಂದಾಳ, ಟ್ರಂಕಿಗೆ ಕೀಲಿ ಹಾಕು” ಎಂದು ಅತ್ತೆ ಹೇಳಿದ್ದು ನಿನ್ನ ಕಿವಿಗೆ ಬಿತ್ತು. ಅಂದಿನಿಂದ ನೀನು ನಿನ್ನ ಚೀಲವನ್ನು ನಮ್ಮ ಹೊಸ್ತಿಲಾಚೆಯೇ ಇಟ್ಟು ಒಳಗೆ ಬರುತ್ತೀ. ಯಾಕೆಂದು ನೀನು ಒಮ್ಮೆಯೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಕೇಳುವ ಮುಖ ಎಲ್ಲಿತ್ತು?

ಈಗ ಅತ್ತೆಗೆ ಹೆತ್ತ ಮಕ್ಕಳ ಗುರುತೂ ಹತ್ತುವುದಿಲ್ಲ. ನಿನ್ನೆ ಅವರ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಮೊರ, ಖಣ, ಸುಳ್ಳು, ಎಲ್ಲ. ಅತ್ತುಬಿಟ್ಟೆ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು. ಆಮೇಲೆ ಮೆಲ್ಲಗೆ ಕೇಳಿದರು: “ಸ್ವರ್ಣಾ ಬರ್ತಾಳೇನ? ಟ್ರಂಕಿಗೆ ಕೀಲಿ ಹಾಕಿಯಿಲ್ಲೋ?”

ಎಲ್ಲ ಮರೆತವರಿಗೆ ಅದೊಂದು ನೆನಪಿದೆ. ಅದು ನಾನು ಕೊಟ್ಟದ್ದು, ಸ್ವರ್ಣಾ.

ಭಾನುವಾರ ನಾನೂ ಇವರೂ ವಿಜಯವಾಡಕ್ಕೆ ಬರುತ್ತಿದ್ದೇವೆ. ನಿನ್ನ ಗಂಡ, ನನ್ನ ಗಂಡ, ಎಲ್ಲರೆದುರು ಇದನ್ನೇ ಹೇಳುತ್ತೇನೆ. ನೀನು ಕ್ಷಮಿಸಬೇಕೆಂದಲ್ಲ. ಅಂದು ನಿನ್ನ ಮನೆಯ ಹೊಸ್ತಿಲಾಚೆ ಇರುವುದು ನನ್ನ ಚೀಲ.