ಎಡಗೈ ಇಸ್ತ್ರಿ

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷದಿಂದ ಬಟ್ಟೆಗೆ ಇಸ್ತ್ರಿ ಹಾಕುವವಳು. ಮೆಟ್ಟಿಲ ಕೆಳಗೊಂದು ಕಿರಿದಾದ ಅಂಗಡಿ, ಕಂಬಳಿ ಹಾಸಿದ ಮೇಜು, ಎತ್ತಿದರೆ ಭುಜ ಜಗ್ಗುವಂಥ ಇಸ್ತ್ರಿ ಪೆಟ್ಟಿಗೆ. ಕ್ಯಾನ್ಸರ್ ಬಂದು ಅವಳ ಬಲ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದ ಮೇಲೆ ಬೀದಿಯವರೆಲ್ಲ ಡಾಕ್ಟರಾದರು. ಒಬ್ಬರು ಅವಳ ಸಿಟ್ಟಿನಿಂದ ಬಂತೆಂದರು, ಇನ್ನೊಬ್ಬರು ಹೊತ್ತುಗೊತ್ತಿಲ್ಲದ ಊಟದಿಂದ ಎಂದರು. ಚಿಕ್ಕಪ್ಪನದು ಒಂದೇ ಹಟ: ಇಷ್ಟು ವರ್ಷದ ಇಸ್ತ್ರಿಯ ಕಾವು ಎದೆಗೆ ಹೊಡೆದೇ ಬಂದದ್ದು.

ಬಲಗೈಯಲ್ಲಿ ಭಾರ ಎತ್ತಬೇಡಿ, ಬಿಸಿ ತಾಗಿಸಬೇಡಿ ಎಂದು ಡಾಕ್ಟರಮ್ಮ ಹೇಳಿದ್ದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಹಾಗಾಯಿತು. ನೋಡಿದೆಯಾ, ನಾನು ಹೇಳಿದ್ದೇ ನಿಜ ಎಂದು ಚಿಕ್ಕಪ್ಪ ಅಂಗಡಿಯನ್ನು ಮೇಜಿನ ಸಮೇತ ಪಕ್ಕದ ಬೀದಿಯ ಇಸ್ತ್ರಿಯವನಿಗೆ ಒಪ್ಪಿಸಲು ಮಾತಾಡಿಬಿಟ್ಟ. ಚಿಕ್ಕಪ್ಪ ಒಳ್ಳೆಯವನು, ನನಗೆ ಉರಿಯುವುದೇ ಅದಕ್ಕೆ. ಕೆಟ್ಟವನಾಗಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು.

ಚಿಕ್ಕಮ್ಮ ನನ್ನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಇಸ್ತ್ರಿಯಿಂದ ಬಂತಾ ಎಂದು ಕೂರುವ ಮೊದಲೇ ಕೇಳಿದಳು. ಇಲ್ಲ ಎಂದರು ಡಾಕ್ಟರಮ್ಮ. ನಿಮಗೇ ಯಾಕೆ ಬಂತೆಂದು ಯಾರೂ ಬೊಟ್ಟು ಮಾಡಿ ಹೇಳಲಾರರು, ಗ್ರಂಥಿ ತೆಗೆದ ಕೈ ಬಾತುಕೊಳ್ಳಬಹುದು, ಸುಟ್ಟರೆ ಕೀವಾಗಬಹುದು, ಅದಕ್ಕೆ ಎಚ್ಚರ ಹೇಳಿದ್ದು ಎಂದು ವಿವರಿಸಿದರು.

"ಹಾಗಾದ್ರೆ ಎಡಗೈ ಏನು ಪಾಪ ಮಾಡಿದೆ?" ಎಂದಳು ಚಿಕ್ಕಮ್ಮ.

ಹಗುರದ ಪೆಟ್ಟಿಗೆ ತಂದಳು. ಮೊದಲ ವಾರವೇ ಮನೆಯ ಎರಡು ದಿಂಬಿನ ಚೀಲ ಸುಟ್ಟವು. ಬೆಳಿಗ್ಗೆ ಒಂದು ಗಂಟೆ ನಡಿಗೆ, ಬಂದ ಮೇಲೆ ಬಲಗೈ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುವ ವ್ಯಾಯಾಮ. ಎಷ್ಟು ಎತ್ತರಕ್ಕೆ ಹೋಯಿತೆಂದು ಪೆನ್ಸಿಲ್ ಗೀಟು. ಬಟ್ಟೆ ಮಡಿಸುತ್ತಲೇ ನಿಂತು ತಿನ್ನುತ್ತಿದ್ದವಳು ಬಾಗಿಲು ಮುಂದೆ ಮಾಡಿ, ಕೂತು ಉಣ್ಣತೊಡಗಿದಳು. ಎಡಗೈ ಇಸ್ತ್ರಿಯ ಅಂಗಿಗಳು ಉಲ್ಟಾ ಮಡಿಕೆಯಾಗಿ ಬರುತ್ತವೆಂದು ಮೇಲಿನ ಮನೆಯ ಮೇಷ್ಟ್ರು ದೂರಿದರು. ತೊಟ್ಟ ಮೇಲೆ ಮಡಿಕೆ ಯಾರಿಗೆ ಕಾಣುತ್ತದೆ ಎಂದು ಅವರನ್ನು ಕಳಿಸಿದಳು.

ಇಷ್ಟಾದರೂ ಚಿಕ್ಕಪ್ಪನ ಭಯ ಇಳಿಯಲಿಲ್ಲ. ಒಂದು ಸೋಮವಾರ ಪಕ್ಕದ ಬೀದಿಯವನನ್ನು ಕರೆತಂದೇಬಿಟ್ಟ. ಮೇಜಿನ ಒಂದು ತುದಿ ಅವನು ಹಿಡಿದ, ಇನ್ನೊಂದು ಚಿಕ್ಕಪ್ಪ. ಚಿಕ್ಕಮ್ಮ ಕಾದ ಪೆಟ್ಟಿಗೆಯನ್ನು ಮೇಜಿನ ನಟ್ಟನಡುವೆ ನಿಲ್ಲಿಸಿದಳು.

"ರೀ, ಎದೆ ತೆಗೆಯೋಕೆ ನಾನೇ ಸಹಿ ಹಾಕಿದೀನಿ. ಈ ಮೇಜು ತೆಗೆಯೋಕೆ ಹಾಕಿಲ್ಲ."

ಬಂದವನು ಮೆಲ್ಲಗೆ ಕೈ ಬಿಟ್ಟ. ಚಿಕ್ಕಪ್ಪ ಬಿಡಲಿಲ್ಲ. ಅವನ ಕಣ್ಣು ತುಂಬಿತ್ತು.

"ಅದು ಮತ್ತೆ ಬಂದ್ರೆ ಏನೇ ಮಾಡೋದು?"

"ಬಂದ್ರೆ ಆಸ್ಪತ್ರೆಗೆ ಹೋಗೋಣ. ಅಲ್ಲೀವರೆಗೂ ಅದಕ್ಕೋಸ್ಕರ ಕಾಯ್ಕೊಂಡು ಕೂತಿರೋಕೆ ನನಗೆ ಪುರುಸೊತ್ತಿಲ್ಲ. ಸರೀರಿ ಆಕಡೆ, ನೀರು ಚಿಮುಕಿಸಿಟ್ಟ ಅಂಗಿ ಒಣಗ್ತಿದೆ."

ಚಿಕ್ಕಪ್ಪ ಸರಿದು ನಿಂತ.