ಅತ್ತಿಯವರ ಅಂಡಮಾನ್ ಬ್ಯಾಗು

ಅಂಡಮಾನಿಗೆ ಹೊರಡುವ ಮುಂಚಿನ ವಾರ ನಮ್ಮ ಇಚಲಕರಂಜಿ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ಕೂಡಲು ಜಾಗ ಇರಲಿಲ್ಲ. ಕೊಲ್ಹಾಪುರದಲ್ಲಿ ಕಾಲೇಜು ಓದುವ ಮಗಳು ಮೊಬೈಲಿಗೆ ಒಂದು ಉದ್ದ ಪಟ್ಟಿ ಕಳಿಸಿದ್ದಳು. ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮು, ಅಗಲ ಅಂಚಿನ ಟೋಪಿ, ನೀರಿನಲ್ಲಿ ನೆನೆದರೂ ಕೆಡದ ಚಪ್ಪಲಿ, ಬೇಗ ಒಣಗುವ ಬಟ್ಟೆ. ಮದುವೆಯಾಗಿ ಇಪ್ಪತ್ತೈದು ವರ್ಷಕ್ಕೆ ನಾನೂ ನಮ್ಮನೆಯವರೂ ಮೊದಲ ಸಲ ಹೀಗೆ ಬರೀ ತಿರುಗಾಡಲಿಕ್ಕೆಂದು ಹೊರಟಿದ್ದೆವು. ಟಿಕೆಟ್ ತೆಗೆಸಿದವಳೂ ಮಗಳೇ. ನಮ್ಮಿಬ್ಬರದು, ತನ್ನದು, ಮೂರು ಟಿಕೆಟ್ಟು.

ಅತ್ತಿಯವರದು ತೆಗೆಸಿರಲಿಲ್ಲ. ಅವರನ್ನು ಕೇಳಿಯೂ ಇರಲಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲೇ ಯಾರೋ ಹೇಳಿದ್ದರು: "ನಿಮ್ಮ ಅತ್ತಿ ದಿಗ್ವ್ರತ ತಗೊಂಡಾರ, ಗಡಿ ದಾಟಂಗಿಲ್ಲ." ನಮ್ಮ ಜೈನರಲ್ಲಿ ಅದೊಂದು ವ್ರತ. ಹತ್ತು ದಿಕ್ಕಿಗೂ ಇಷ್ಟಿಷ್ಟು ಎಂದು ಗಡಿ ಹಾಕಿಕೊಂಡು, ಜೀವ ಇರುವತನಕ ಅದರಾಚೆ ಕಾಲಿಡುವುದಿಲ್ಲ ಎಂದು ಮುನಿಗಳ ಮುಂದೆ ಮಾತು ಕೊಡುವುದು. ಆ ಗೆರೆಯಾಚೆಯ ಯಾವ ಜೀವಕ್ಕೂ ತನ್ನಿಂದ ನೋವಾಗುವುದಿಲ್ಲ ಎನ್ನುವುದು ಅದರ ಅರ್ಥ. ಅತ್ತಿಯವರು ದತ್ತವಾಡದ ಹೊಲಕ್ಕೂ ಇಚಲಕರಂಜಿಗೂ ಓಡಾಡುತ್ತಿದ್ದರೇ ಹೊರತು ಬೇರೆಲ್ಲೂ ಹೋದದ್ದನ್ನು ನಾನು ಕಂಡಿರಲಿಲ್ಲ. ಅಷ್ಟೇ ಗಡಿ ಇರಬೇಕು ಎಂದುಕೊಂಡು ಇಪ್ಪತ್ತೈದು ವರ್ಷ ಕಳೆದಿದ್ದೆ.

ಆ ಮಧ್ಯಾಹ್ನ ಅವರು ನೆಲದ ಮೇಲೆ ಕೂತು ನನ್ನ ಬಟ್ಟೆ ಮಡಿಚಿಕೊಡುತ್ತಿದ್ದರು. ನನ್ನ ಹೊಸ ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಅಲ್ಲಿ ಸುತ್ತಮುತ್ತಲೂ ನೀರಽ ಏನು?" ಎಂದು ಕೇಳಿದರು.

"ಹೌದ್ರಿ. ನಾಕೂ ಕಡೆ ಸಮುದ್ರ."

"ಸಮುದ್ರ ಮುಗಿದ ಮ್ಯಾಲ ಏನೈತಿ?"

"ಬ್ಯಾರೆ ದೇಶ ಇರತಾವ್ರಿ." ನನಗೆ ಏಕೋ ಸಂಕೋಚವಾಯಿತು. "ನಿಮ್ಮದೂ ಒಂದ ಟಿಕೆಟ್ ತೆಗಿಸಬೇಕಂತ ಇತ್ತರಿ. ಆದರ ನಿಮ್ಮ ವ್ರತ…"

"ನನ್ನ ವ್ರತಕ್ಕ ಏನಾಗೇತಿ?"

"ನೀವು ದೂರ ಹೋಗಂಗಿಲ್ಲಲ್ರಿ."

ಅತ್ತಿಯವರು ಟೋಪಿಯನ್ನು ಮೆಲ್ಲಗೆ ಮಂಚದ ಮೇಲಿಟ್ಟರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. "ನನ್ನ ಗಡಿ ಎಲ್ಲೀತನಕ ಐತಿ ಅಂತ ಈ ಮನಿಯಾಗ ಯಾರರ ಕೇಳೀರೇನು?"

ನಾನು ಕೈಯಲ್ಲಿದ್ದ ಸೀರೆ ಹಿಡಿದುಕೊಂಡೇ ಅವರ ಎದುರು ಕೂತೆ. ಅವರು ಹೇಳಿದರು.

ಆಗ ಅವರಿಗೆ ಇಪ್ಪತ್ತಾರು ವರ್ಷ. ದತ್ತವಾಡದ ಬಸದಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಒಬ್ಬ ಮುನಿ ಮಹಾರಾಜರು ತಂಗಿದ್ದರು. ಒಂದು ದಿನ ಊರಿನ ಹೆಂಗಸರು ಸಾಲಾಗಿ ಕೂತು ದಿಗ್ವ್ರತ ತೆಗೆದುಕೊಂಡರು. ಒಬ್ಬಾಕೆ ಮಿರಜ ಎಂದಳಂತೆ, ಇನ್ನೊಬ್ಬಾಕೆ ತವರೂರು ಎಂದಳಂತೆ, ಹಿರಿಯಾಕೆಯೊಬ್ಬಳು ಯಾತ್ರೆಗೆಂದು ದೂರದ ಉತ್ತರದ ತೀರ್ಥ ಶಿಖರ್ಜಿವರೆಗೆ ಇಟ್ಟುಕೊಂಡಳಂತೆ.

"ನನ್ನ ಪಾಳಿ ಬಂತು. ಪೂರ್ವಕ್ಕ ಎಲ್ಲೀತನಕ ಅಂದ್ರು. ಸಮುದ್ರದ ಆಚಿ ದಂಡೀತನಕ ಅಂದೆ."

"ಸಮುದ್ರ ನೋಡಿದ್ರೇನ್ರಿ ನೀವು?"

"ಎಲ್ಲಿ ನೋಡಿದ್ದೆ. ಕೇಳಿದ್ದೆ. ಬಾಜೂಕ ಕೂತಾಕಿ ನನ್ನ ತೊಡಿ ಚಿವುಟಿದಳು. ಮಹಾರಾಜರು ನಗಲಿಲ್ಲ. ಪಶ್ಚಿಮಕ್ಕ ಅಂದ್ರು, ಅಲ್ಲೂ ಅಷ್ಟಽ ಅಂದೆ. ಮ್ಯಾಲ ಎಷ್ಟು ಅಂದ್ರು. ಅವತ್ತ ಮುಂಜಾನೆ ಕಬ್ಬಿನಾಗ ಕಳೆ ತೆಗಿಯೂವಾಗ ಒಂದ ವಿಮಾನ ಹೋಗಿತ್ತು, ಬಿಳೀ ಗೀರು ಎಳಕೋತ. ಅದು ಹೋಗೂವಷ್ಟು ಅಂದೆ. ಕೆಳಗ ಅಂದ್ರು. ನಮ್ಮ ಬಾವಿ ತಳದತನಕ ಸಾಕು, ಭೂಮಿ ಒಳಗ ನನಗೇನ ಕೆಲಸ ಅಂದೆ."

ಮಿರಜದಿಂದಾಚೆ ರೈಲು ಹತ್ತದ ಒಬ್ಬ ಹೊಲಗೆಲಸದ ಹೆಂಗಸು, ಮೊಣಕೈವರೆಗೆ ಕಬ್ಬಿನೆಲೆ ಗೀರಿದ ಗಾಯ ಇಟ್ಟುಕೊಂಡು, ಮುನಿಗಳ ಮುಂದೆ ಕೂತು ಅಷ್ಟು ದೊಡ್ಡ ಆಕಾಶ ಕೇಳಿ ಪಡೆದಿದ್ದರು. ಪಡೆದ ಮೇಲೆ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ಇದ್ದರು.

"ಹಂಗಾದರ ಯಾಕ ಎಲ್ಲೂ ಹೋಗಲಿಲ್ರಿ?"

"ಕೆಲಸ ಇತ್ತು," ಎಂದರು. ಕೈಯಲ್ಲಿದ್ದ ಬಟ್ಟೆ ಪಕ್ಕಕ್ಕಿಟ್ಟು, "ಯಾರೂ ಕರೀಲಿಲ್ಲ," ಎಂದರು. ಮತ್ತೆ ಬಟ್ಟೆ ಮಡಿಚತೊಡಗಿದರು.

ಸಂಜೆ ಯಡ್ರಾವದ ಮಗ್ಗದ ಶೆಡ್ಡಿನಿಂದ ನಮ್ಮನೆಯವರು ಬಂದಾಗ ಎಲ್ಲವನ್ನೂ ಹೇಳಿದೆ. ಅವರು ಕಾಲು ತೊಳೆಯಲು ಹೋದವರು ತಂಬಿಗೆ ಹಿಡಿದು ಹಾಗೇ ನಿಂತರು. ಅವರಿಗೂ ಗೊತ್ತಿರಲಿಲ್ಲ. ಒಳಗೆ ಬಂದು ತಾಯಿಯ ಮುಂದೆ ಕೂತು, "ಅವ್ವಾ, ನಮ್ಮ ಜೋಡಿ ಬರತೀಯೇನು?" ಎಂದು ಕೇಳಿದರು.

"ಜಾಗಾ ಸಿಗತೈತೇನು?" ಎಂದಷ್ಟೇ ಕೇಳಿದರು ಅತ್ತಿಯವರು.

ಅದೇ ವಿಮಾನದಲ್ಲಿ ಜಾಗ ಸಿಕ್ಕಿತು. ಫೋನಿನಲ್ಲಿ ಸುದ್ದಿ ಕೇಳಿದ ಮಗಳು ಕೂಡಲೇ ನಕಾಶೆ ತೆಗೆದು ನೋಡಿ ಅಜ್ಜಿಗೆ, "ಆಯೀ, ಅಂಡಮಾನ್ ಸಮುದ್ರದ ನಡುವಽ ಐತಿ, ನಿನ್ನ ಗಡಿ ಒಳಗಽ ಬರತೈತಿ," ಎಂದಳು. ಆದರೆ ಇನ್ನೊಂದು ಸುದ್ದಿಯನ್ನೂ ಹೇಳಿದಳು: ಅಲ್ಲಿ ಸಂಜೆ ಐದರ ಸುಮಾರಿಗೆಲ್ಲ ಹೊತ್ತು ಮುಳುಗುತ್ತದೆ. ಅತ್ತಿಯವರು ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುವವರಲ್ಲ. ಹೋಟೆಲಿನ ಊಟ ಏಳಕ್ಕೆ.

"ನಾಕೂವರಿಗೆ ಉಂಡರಾತು," ಎಂದರು ಅತ್ತಿಯವರು. ಅಲ್ಲಿಂದ ಅವರದೇ ತಯಾರಿ ಶುರುವಾಯಿತು. ಎರಡು ದಿನ ಕೂತು ಜೋಳದ ರೊಟ್ಟಿ ಬಡಿದು ಕಟಕ್ಕೆಂದು ಮುರಿಯುವಂತೆ ಒಣಗಿಸಿದರು. ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ, ಹುರಿದ ಅವಲಕ್ಕಿ, ಒಂದು ಡಬ್ಬಿ ಹುರಿಹಿಟ್ಟು. ನೀರು ಸೋಸುವ ದಪ್ಪ ಬಿಳಿ ಅರಿವೆ ಎರಡು, ಒಂದು ತಂಬಿಗೆ, ಜಪದ ಸರ, ಮೂರು ನೂಲಿನ ಸೀರೆ. ಪಟ್ಟಿ ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ. ಒಂದೊಂದನ್ನೂ ಅದರ ಜಾಗ ಮೊದಲೇ ಗೊತ್ತಿದ್ದ ಹಾಗೆ ಬ್ಯಾಗಿನಲ್ಲಿ ಇಡುತ್ತ ಹೋದರು. ನಾನು ನನ್ನ ಕೆಲಸ ಬಿಟ್ಟು ನೋಡುತ್ತ ನಿಂತೆ.

ವಿಮಾನಕ್ಕೆ ತೂಕದ ಮಿತಿ ಇತ್ತಲ್ಲ, ನಮ್ಮನೆಯವರು ಬ್ಯಾಗುಗಳನ್ನೆಲ್ಲ ಶೆಡ್ಡಿಗೆ ಒಯ್ದು ನೂಲಿನ ಚೀಲ ತೂಗುವ ಕಾಟಾದ ಮೇಲಿಟ್ಟರು. ನನ್ನದು ಇಪ್ಪತ್ತೊಂದು ಕಿಲೋ. ಅತ್ತಿಯವರದು ರೊಟ್ಟಿ ಸಮೇತ ಎಂಟು. ನಾನು ಅಲ್ಲೇ, ಮಗ್ಗಗಳ ಖಡಖಡ ಸದ್ದಿನ ನಡುವೆ, ಬ್ಯಾಗು ಬಿಚ್ಚಿ ಅರ್ಧ ಸಾಮಾನು ಹೊರಗೆ ತೆಗೆದೆ.

ವಿಮಾನದಲ್ಲಿ ಅವರಿಗೆ ಕಿಟಕಿಯ ಜಾಗ ಕೊಟ್ಟೆವು. ನೆಲ ಬಿಟ್ಟು ಮೇಲೇರುವಾಗ ನಾನು ಕಣ್ಣು ಮುಚ್ಚಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದೆ. ಅವರು ಹಣೆಯನ್ನು ಗಾಜಿಗೆ ಹಚ್ಚಿ ಕೆಳಗೆ ನೋಡುತ್ತಿದ್ದರು. ಮೋಡ ಕೆಳಗಾದ ಮೇಲೂ ನೋಡುತ್ತಲೇ ಇದ್ದರು.

ನಾವು ಉಳಿದ ದ್ವೀಪದಲ್ಲಿ ಮರುದಿನ ಮುಂಜಾನೆ ನಾನೂ ಅವರೂ ಇಬ್ಬರೇ ದಂಡೆಗೆ ಹೋದೆವು. ಸಮುದ್ರ ಹಿಂದೆ ಸರಿದಿತ್ತು. ಹಸಿ ಉಸುಕಿನ ಮೇಲೆಲ್ಲ ಸಾಸಿವೆ ಕಾಳಿನಂಥ ಸಣ್ಣ ಸಣ್ಣ ಉಂಡೆಗಳು, ಯಾರೋ ಕೂತು ರಂಗೋಲಿ ಹಾಕಿದ ಹಾಗೆ. ಬಗ್ಗಿ ನೋಡಿದರೆ ಉಗುರಿನಷ್ಟು ಏಡಿಗಳು. ತೂತಿನಿಂದ ಹೊರಬಂದು ಒಂದೊಂದೇ ಉಂಡೆ ಮಾಡಿ ಇಡುತ್ತಿದ್ದವು. ಕಣ್ಣು ಹೋಗುವತನಕ ಅವೇ. ಕಾಲಿಡಲು ಬೆರಳಗಲ ಜಾಗ ಇರಲಿಲ್ಲ.

ನೀರು ಅಲ್ಲೇ ನೂರು ಹೆಜ್ಜೆ ದೂರದಲ್ಲಿ ಹೊಳೆಯುತ್ತಿತ್ತು. ಅತ್ತಿಯವರು ಅದನ್ನೊಮ್ಮೆ ನೋಡಿದರು, ಉಸುಕನ್ನೊಮ್ಮೆ ನೋಡಿದರು. ಚಪ್ಪಲಿ ಬಿಟ್ಟು, ಹುಲ್ಲಿನ ಅಂಚಿನಲ್ಲೇ ಕೂತುಬಿಟ್ಟರು.

"ನೀರಿನತನಕ ಹೋಗೂದ ಬ್ಯಾಡೇನ್ರಿ?" ಎಂದೆ.

"ಅವು ಕೆಲಸ ಮಾಡಾಕತ್ತಾವ. ಮುಗೀಲಿ."

ನಾನೂ ಪಕ್ಕದಲ್ಲಿ ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಬಿಸಿಲೇರಿತು. ಮೆಲ್ಲಗೆ ನೀರು ಮುಂದೆ ಬರತೊಡಗಿತು. ಏಡಿಗಳು ಒಂದೊಂದಾಗಿ ತೂತಿನೊಳಗೆ ಇಳಿದವು, ರಂಗೋಲಿ ಸಾಲುಸಾಲಾಗಿ ಅಳಿಸಿತು. ಕೊನೆಗೆ ಒಂದು ತೆಳ್ಳನೆಯ ಅಲೆ ನಾವು ಕೂತಲ್ಲಿಗೇ ಬಂದು ಅವರ ಪಾದ ತೋಯಿಸಿ ಹೋಯಿತು. ಅತ್ತಿಯವರು ಸೀರೆ ಎತ್ತಿಕೊಳ್ಳಲಿಲ್ಲ. ಎರಡೂ ಕೈ ಜೋಡಿಸಿ ಹಾಗೇ ಕೂತಿದ್ದರು.