ತಾನಾಗಿ ಬೀಳುವ ಚಿಲಕ

ನಮ್ಮ ದೋಣಿಯ ಮೂತಿಯಲ್ಲಿ ಒಂದು ಉಕ್ಕಿನ ಬಳೆ ಇದೆ. ನಾನು ಅದನ್ನು ಮೂಗುತಿ ಅನ್ನುತ್ತೇನೆ. ಹೊಳೆಯಿಂದ ಮೇಲೆ ತರುವಾಗ ಆ ಬಳೆಗೆ ಕೊಕ್ಕೆ ಹಾಕಿ ದೋಣಿಯನ್ನು ಟ್ರೈಲರಿಗೆ ಬಿಗಿಯಬೇಕು. ಮೂರು ವರ್ಷ ಆ ಕೊಕ್ಕೆ ಹಾಕಿದವಳು ನಾನು. ಭಾನುವಾರ ಬೆಳಿಗ್ಗೆ ಸೀರೆ ಬಿಟ್ಟು ಚೂಡಿದಾರ ತೊಟ್ಟು, ತೊಡೆಯವರೆಗೆ ಭದ್ರಾ ಹೊಳೆಯಲ್ಲಿ ನಿಂತು, ನನ್ನ ಕಡೆಗೆ ಬರುವ ದೋಣಿಯನ್ನು ಕಾಯುತ್ತಿದ್ದೆ. ದೋಣಿ ನಡೆಸುತ್ತಿದ್ದವರು ನನ್ನ ಯಜಮಾನರು.

ಅವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತು ಆಯುಷ್ಯ ಕಳೆದವರು. ರಿಟೈರ್ ಆದ ವರ್ಷ ಜೊತೆಯವರೆಲ್ಲ ಕಾಶಿ, ರಾಮೇಶ್ವರ ಅಂತ ಹೊರಟರೆ ಇವರು ಶಿವಮೊಗ್ಗಕ್ಕೆ ಹೋಗಿ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು ತಂದರು. ಜೊತೆಗೊಂದು ಸಣ್ಣ ಮೋಟಾರು, ತುಕ್ಕು ಹಿಡಿದ ಟ್ರೈಲರು. ಓಲ್ಡ್ ಟೌನಿನ ನಮ್ಮ ಬೀದಿಯ ಜನ ಹೊಸ ಸೊಸೆಯನ್ನು ನೋಡುವ ಹಾಗೆ ಬಂದು ನೋಡಿ ಹೋದರು. "ಈ ವಯಸ್ಸಲ್ಲಿ ದೋಣಿ ಯಾಕ್ರೀ?" ಅಂತ ಪಕ್ಕದ ಮನೆಯಾಕೆ ಕೇಳಿದ್ದಕ್ಕೆ, "ನೆಲದ ಮೇಲೆ ನನ್ನ ಕಾಟ ತಡ್ಯಕ್ಕೆ ಆಗ್ತಿಲ್ವಂತೆ" ಅಂದಿದ್ದೆ. ನಗಲಿ ಅಂತ ಹೇಳಿದ ಮಾತು. ಒಳಗೆ ಅದು ನಿಜವಿರಬಹುದೇ ಅನ್ನುವ ಅಳುಕು ಒಂದು ಚೂರು ಇತ್ತು.

ಮೈಕ್ರಾನ್ ಲೆಕ್ಕದಲ್ಲಿ ಉಕ್ಕು ಕಡೆದ ಮನುಷ್ಯನಿಗೆ ಟ್ರೈಲರನ್ನು ಹಿಂದಕ್ಕೆ ನಡೆಸುವುದು ಮಾತ್ರ ಒಲಿಯಲಿಲ್ಲ. ನಾನೋ ಹೊಳೆಹೊನ್ನೂರಿನ ಕಡೆಯವಳು. ಅಪ್ಪನ ಟ್ರ್ಯಾಕ್ಟರಿನ ಟ್ರೈಲರನ್ನು ಭತ್ತದ ಮೂಟೆ ಸಮೇತ ರಿವರ್ಸ್ ತಂದು ಕಣದ ಮೂಲೆಗೆ ನಿಲ್ಲಿಸಿದವಳು. ಹಾಗಾಗಿ ದೋಣಿ ಎಳೆಯುವ ನಮ್ಮ ಜೀಪು, ಟ್ರೈಲರು, ಕೊಕ್ಕೆ ನನ್ನ ಪಾಲಿಗೆ ಬಂದವು. ನೀರಿನ ಮೇಲಿನದೆಲ್ಲ ಅವರದು.

ಊರಿನ ಮೇಲ್ಗಡೆ ಹೊಳೆಗೆ ಒಂದು ಒಡ್ಡು ಇದೆ. ಅದರ ಹಿಂದೆ ನೀರು ಹರಿಯುವುದನ್ನೇ ಮರೆತು ನಿಂತಿರುತ್ತದೆ. ಎಮ್ಮೆ ತೊಳೆಯಲು ಇಳಿಸುವ ಇಳಿಜಾರೇ ನಮ್ಮ ದಾರಿ. ಬೆಳಗಿನ ಹೊತ್ತು ನೀರಿನ ಮೇಲೆ ಮಂಜು ಮೊಣಕಾಲೆತ್ತರಕ್ಕೆ ಹರಡಿಕೊಂಡು, ಆಚೆ ದಡ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ನಡುವೆ ಹೋಗಿ ಮೋಟಾರು ಆರಿಸಿದರೆ ಕಿವಿಯೊಳಗೆ ಅದರ ಸದ್ದು ಸ್ವಲ್ಪ ಹೊತ್ತು ಉಳಿದು ಆಮೇಲೆ ಮೆಲ್ಲಗೆ ಕರಗುತ್ತದೆ. ದೋಣಿ ತನ್ನ ಪಾಡಿಗೆ ತಿರುಗುತ್ತದೆ. ಮುಂದಿದ್ದ ಮರ ಯಾವಾಗಲೋ ಹಿಂದೆ ಬಂದಿರುತ್ತದೆ, ನಾವು ಎಲ್ಲಿಂದ ಹೊರಟೆವು ಅನ್ನುವುದು ಮರೆತಿರುತ್ತದೆ. ಫ್ಲಾಸ್ಕಿನ ಕಾಫಿ, ಪೊಟ್ಟಣದ ಮಂಡಕ್ಕಿ. ಕಾರ್ಖಾನೆಯ ಸೈರನ್ನಿಗೆ ಎದ್ದು ಸೈರನ್ನಿಗೆ ಉಂಡವರು ಅಲ್ಲಿ ಗಂಟೆ ಎಷ್ಟು ಅಂತ ಕೇಳುವುದಿಲ್ಲ. ಮನೆಯಲ್ಲಿ ಬಾಯಿ ಮುಚ್ಚದ ನಾನು ಅಲ್ಲಿ ಮಾತೇ ಆಡುವುದಿಲ್ಲ. ಆ ಒಂದೂವರೆ ಗಂಟೆಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ವಾಪಸಾಗುವಾಗ ಅವರು ನನ್ನನ್ನು ಮೊದಲು ದಡಕ್ಕೆ ಬಿಡುತ್ತಿದ್ದರು. ನಾನು ಟ್ರೈಲರಿನ ಹಿಂಭಾಗವನ್ನು ನೀರಿಗೆ ಇಳಿಸಿ, ಅದರ ಮುಂದಿನ ಕಂಬದ ಪಕ್ಕ ನಿಲ್ಲುತ್ತಿದ್ದೆ. ದೋಣಿ ಮೆಲ್ಲಗೆ ಟ್ರೈಲರ್ ಏರಿ ಬಂದು ನನ್ನ ಅಂಗೈಗೆ ಮೂತಿ ಒತ್ತುತ್ತಿತ್ತು. ನಾನು ಕೊಕ್ಕೆ ಸಿಗಿಸಿ, ಹಗ್ಗ ಸುತ್ತುವ ವಿಂಚ್ ತಿರುಗಿಸಿ ಬಿಗಿದು, "ಆಯ್ತು" ಅನ್ನುತ್ತಿದ್ದೆ. ಆಮೇಲಷ್ಟೇ ಅವರು ಮೋಟಾರು ಆರಿಸುತ್ತಿದ್ದರು.

ಹೋದ ಬೇಸಿಗೆಯಲ್ಲಿ ದೋಣಿ ಓರೆಯಾಗಿ ಬರತೊಡಗಿತು. ಮೊದಲು ಗಾಳಿ ಅಂದುಕೊಂಡೆ. ಆಮೇಲೆ ಉದಾಸೀನ ಅಂದುಕೊಂಡೆ. ಒಂದು ಭಾನುವಾರ ಅದು ಟ್ರೈಲರಿನ ಎಡಬದಿಗೆ ಬಡಿದು, ಜಾರಿ, ನನ್ನ ಮುಂಗೈಯನ್ನು ಕಂಬಕ್ಕೆ ಒತ್ತಿಬಿಟ್ಟಿತು. ಮೂಳೆ ಮುರಿಯಲಿಲ್ಲ, ಆದರೆ ನನ್ನ ಸಿಟ್ಟು ನೆತ್ತಿಗೇರಿತು. ಎಮ್ಮೆ ತೊಳೆಯುತ್ತಿದ್ದ ನಾಲ್ಕು ಜನರ ಎದುರೇ ಕೂಗಿದೆ: "ಕಣ್ಣು ಎಲ್ಲಿಟ್ಕೊಂಡಿದ್ದೀರಿ? ಇಷ್ಟು ದೊಡ್ಡ ಟ್ರೈಲರ್ ಕಾಣಲ್ವಾ?" ನನ್ನ ಒಂದು ಮಾತಿಗೆ ಎರಡು ಹೇಳುವ ಮನುಷ್ಯ ಅವತ್ತು ನೀರಿಗಿಳಿದು ಕೊಕ್ಕೆಯನ್ನು ತಾವೇ ಹಾಕಿದರು. ಮನೆಗೆ ಬಂದು ಅರಿಶಿನ ಬಿಸಿ ಮಾಡಿ ನನ್ನ ಕೈಗೆ ಹಚ್ಚಿದರು.

ಮರುದಿನದಿಂದ ಹಿತ್ತಲಲ್ಲಿ ಅರ ಉಜ್ಜುವ ಸದ್ದು ಶುರುವಾಯಿತು. ಎರಡು ಉಕ್ಕಿನ ತಗಡು ಜೋಡಿಸಿ ಬಾಯಿ ತೆರೆದ ಹಾಗೆ ಮಾಡಿದರು. ನಡುವೆ ಓರೆ ತುದಿಯ ಒಂದು ನಾಲಿಗೆ. ಅದನ್ನು ಪರಿಚಯದವರ ಲೇತ್ ಅಂಗಡಿಯಲ್ಲಿ ತಾವೇ ನಿಂತು ಮಾಡಿಸಿ ತಂದರು. ಸ್ಪ್ರಿಂಗು ಹಳೇ ಸ್ಕೂಟರಿನದು. ಅದನ್ನು ಟ್ರೈಲರಿನ ಕಂಬಕ್ಕೆ ಬೋಲ್ಟ್ ಹಾಕಿ ಕೂರಿಸಿದ ದಿನ ಕರೆದು ತೋರಿಸಿದರು. ದೋಣಿಯ ಬಳೆ ಬಂದು ತಾಗಿದರೆ ನಾಲಿಗೆ ಸರಿದು ದಾರಿ ಬಿಡುತ್ತದೆ. ಬಳೆ ಒಳಗೆ ಸೇರಿದ ಕೂಡಲೇ ಸ್ಪ್ರಿಂಗು ನಾಲಿಗೆಯನ್ನು ಅದರೊಳಕ್ಕೆ ದೂಡುತ್ತದೆ. ದೂಡಿದರೆ ತಾನಾಗಿ ಬೀಳುವ ಬಾಗಿಲ ಚಿಲಕವೇ ಅದು. ಬಿಡಿಸಬೇಕಾದಾಗ ಪಕ್ಕದ ಹಿಡಿ ಎಳೆದರಾಯಿತು.

"ಇನ್ಮೇಲೆ ಯಾರೂ ನೀರಿಗಿಳಿದು ಕೊಕ್ಕೆ ಹಾಕ್ಬೇಕಾಗಿಲ್ಲ," ಅಂದರು. "ಒಬ್ಬರೇ ಇದ್ರೂ ದೋಣಿ ಹತ್ತಿಸ್ಬಹುದು."

ಒಬ್ಬರೇ. ಆ ಮಾತು ನನ್ನ ಎದೆಗೆ ನಾಟಿತು. ಜನರೆದುರು ಕೂಗಿದ್ದಕ್ಕೆ ಇದು ಉತ್ತರ ಅಂದುಕೊಂಡೆ. ನನ್ನ ಬಾಯಿ ಬೇಡವಾಗಿದೆ, ಒಬ್ಬರೇ ಹೋಗಿ ತಣ್ಣಗೆ ಕೂತು ಬರುವ ಆಸೆಯಾಗಿದೆ. ಅದಕ್ಕೆ ನನ್ನ ಕೈಯ ಕೆಲಸವನ್ನು ಒಂದು ಸ್ಪ್ರಿಂಗಿಗೆ ಕೊಟ್ಟಿದ್ದಾರೆ. ಮೂರು ದಿನ ಊಟ ಬಡಿಸಿದೆ, ಮಾತಾಡಲಿಲ್ಲ. ಶನಿವಾರ ಸಂಜೆ "ನಾನು ಬರಲ್ಲ. ಹೆಂಗೂ ಒಬ್ರೇ ಸಾಕಲ್ಲ" ಅಂದೆ.

"ಈ ವಾರ ಒಂದ್ಸಲ ಬಾ ಮಾರಾಯ್ತಿ. ಆಮೇಲೆ ನಿನ್ನಿಷ್ಟ," ಅಂದರು.

ಹೋದೆ. ಟ್ರೈಲರನ್ನು ನೀರಿಗೆ ಇಳಿಸಿಕೊಟ್ಟು ದಡದಲ್ಲಿ ಕೈ ಕಟ್ಟಿ ನಿಂತೆ. ಅವರು ದೋಣಿಯನ್ನು ನೀರಿಗೆ ಬಿಟ್ಟು, ಹಗ್ಗ ಹಿಡಿದು ಎಳೆದು ಚಿಲಕವನ್ನು ಪರೀಕ್ಷಿಸಿದರು. ಸ್ಪ್ರಿಂಗು ಬಿರುಸಾಗಿತ್ತು, ದೋಣಿ ಬಾಗಿಲು ತಟ್ಟಿ ವಾಪಸ್ ಹೋಗುವ ನೆಂಟರ ಹಾಗೆ ಹಿಂದೆ ಸರಿಯಿತು. ಅವರು ಸ್ಪ್ರಿಂಗನ್ನು ಒಂದು ತೂತು ಸಡಿಲಿಸಿ, ನಾಲಿಗೆಯ ತುದಿಯನ್ನು ಅರದಿಂದ ನಯ ಮಾಡಿದರು. ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದರು, ಕಣ್ಣು ಬೇರೆಲ್ಲೋ ಇತ್ತು. ಮೂರನೇ ಸಲ ಟಕ್ ಎಂದು ಬಿತ್ತು. ನಾನು ಮುಖ ತಿರುಗಿಸಿಕೊಂಡೇ ದೋಣಿ ಹತ್ತಿದೆ.

ಹೊಳೆಯ ನಡುವೆ ಮೋಟಾರು ಆರಿಸಿ ಬಹಳ ಹೊತ್ತು ಕೂತೆವು. ಮಂಜು ಎದ್ದು ಹೋಗುತ್ತಿತ್ತು. ಅವರು ಇದ್ದಕ್ಕಿದ್ದಂತೆ ಎದ್ದು ಬಂದು ನನ್ನ ಪಕ್ಕ ಕೂತು, "ಹೋಗು, ನೀನು ನಡೆಸು," ಅಂದರು.

"ನಾನ್ಯಾಕೆ?"

"ನಂಗೆ ಎಡಗಡೆ ಕಾಣಲ್ಲ."

ತಮಾಷೆ ಅಂದುಕೊಂಡೆ. ಅವರು ನೀರನ್ನೇ ನೋಡುತ್ತ ಹೇಳಿದರು: "ಕಪ್ಪಗೆ ಕಾಣತ್ತೆ ಅಂತಲ್ಲ. ಅಲ್ಲಿ ಏನೂ ಇಲ್ವೇ ಇಲ್ಲ, ಅಷ್ಟೆ. ಪಿಂಚಣಿ ಕೆಲ್ಸ ಅಂತ ಶಿವಮೊಗ್ಗಕ್ಕೆ ಹೋಗಿದ್ನಲ್ಲ, ಕಣ್ಣು ತೋರ್ಸಕ್ಕೆ ಹೋಗಿದ್ದು. ಹೋಗಿರೋದು ವಾಪಸ್ ಬರಲ್ವಂತೆ. ದಿನಾ ಡ್ರಾಪ್ಸ್ ಹಾಕ್ಕೊಂಡು ಇರೋದನ್ನ ಉಳಿಸ್ಕೋಬೇಕಂತೆ."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ದೋಣಿ ಮಾರಿಬಿಡಿ ಅಂತಿದ್ದೆ."

ಸುಳ್ಳಲ್ಲ. ಅದೇ ದಿನ ಮಾರಿಸುತ್ತಿದ್ದೆ.

"ನಾನು ನಡೆಸಿದ್ರೆ ನಿನ್ನ ಕೈ ಉಳಿಯಲ್ಲ. ನೀನು ನಡೆಸಿದ್ರೆ ನೀರಲ್ಲಿ ನಿಂತು ಕೊಕ್ಕೆ ಹಾಕೋರು ಯಾರು? ಬರೋ ದೋಣಿ ನಂಗೆ ನೆಟ್ಟಗೆ ಕಾಣಲ್ಲ. ಅದಕ್ಕೇ ಮಾಡ್ದೆ. ಒಬ್ಬರೇ ಅಂದಿದ್ದು ನಿನ್ನ ಲೆಕ್ಕದಲ್ಲಿ."

ಎಮ್ಮೆಯವರ ಎದುರು ನಾನು ಕೂಗಿದ ಮಾತು ನೆನಪಾಗಿ ನಾಚಿಕೆಯಿಂದ ಮೈ ಸುಟ್ಟಿತು. ನೀರಿನ ಮೇಲಿನದು ಮಾತ್ರ ಅವರದಾಗಿತ್ತು. ಅದನ್ನೂ ನನ್ನ ಕೈಗೆ ದಾಟಿಸಿ, ಕಾಫಿ ಲೋಟ ಹಿಡಿದು ಏನೂ ಆಗದವರಂತೆ ಕೂತಿದ್ದರು. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ. ಎದ್ದು ಹೋಗಿ ಮೋಟಾರಿನ ಹಿಡಿ ಹಿಡಿದೆ.

ಹೇಗೋ ದಡ ಮುಟ್ಟಿಸಿದೆ. ಅವರು ಇಳಿದರು. ನಾನು ಟ್ರೈಲರನ್ನು ನೀರಿಗೆ ಇಳಿಸಿ, ಮತ್ತೆ ದೋಣಿ ಹತ್ತಿ, ದೂರ ಹೋಗಿ ತಿರುಗಿಸಿದೆ. ಮೊದಲ ಸಲ ಟ್ರೈಲರನ್ನೇ ಬಿಟ್ಟು ಎಮ್ಮೆಗಳ ಕಡೆ ಹೋದೆ. ಎರಡನೇ ಸಲ ಹೆದರಿ ಅರ್ಧದಲ್ಲೇ ನಿಲ್ಲಿಸಿದೆ. ಅವರು ಒಣ ನೆಲದಲ್ಲಿ ನಿಂತು ಮೋಟಾರಿನ ಸದ್ದಿಗೆ ಕಿವಿ ಕೊಟ್ಟು, "ಜಾಸ್ತಿ ಆಯ್ತು... ಕಮ್ಮಿ ಮಾಡು... ಹಾಂ, ಹಂಗೇ ಬಾ" ಅನ್ನುತ್ತಿದ್ದರು. ಮೂರನೇ ಸಲ ದೋಣಿ ಟ್ರೈಲರಿನ ಮೇಲೆ ತೇಲಿ ಏರಿತು. ಟಕ್. ಚಿಲಕ ಬಿತ್ತು. ಯಾರ ಕೈಯೂ ಅಲ್ಲಿರಲಿಲ್ಲ.

"ಆಯ್ತಲ್ಲ," ಅಂದರು. "ಇನ್ನು ನಾನು ಇಲ್ದಿದ್ರೂ ನಡೆಯತ್ತೆ." ಹೇಳಿ ಜೀಪಿನ ಕಡೆ ತಿರುಗಿದರು.

ನನಗೆ ಎಲ್ಲಿತ್ತೋ ಸಿಟ್ಟು. ದೋಣಿಯ ಮೂತಿಯವರೆಗೆ ಹೋಗಿ ಬಗ್ಗಿ ಚಿಲಕದ ಹಿಡಿ ಎಳೆದೆ. "ಹತ್ತಿ," ಅಂದೆ. "ಹತ್ತಿ ಅಂದ್ನಲ್ಲ. ಹಿಂದೆ ಕೂತೋರಿಗೆ ಮುಂದಿನ ಬಂಡೆ ಕಾಣಲ್ಲ. ಯಾರು ನೋಡ್ತಾರೆ?"

ಅವರು ಪ್ಯಾಂಟ್ ಮಡಚಿ, ಹತ್ತಿ ಮುಂದೆ ಕೂತರು. ಮತ್ತೆ ಹೊಳೆಯ ನಡುವಿಗೆ ಬಂದೆವು. ಮಂಜೆಲ್ಲ ಕರಗಿ ನೀರು ಬೆಳ್ಳಗೆ ಹೊಳೆಯುತ್ತಿತ್ತು, ಎರಡೂ ದಡ ತೇಲುತ್ತಿದ್ದ ಹಾಗಿತ್ತು. ಬಲಕ್ಕಿದ್ದ ಬಂಡೆಗಳನ್ನು ಅವರು ಒಂದೊಂದಾಗಿ ತೋರಿಸುತ್ತ ಬಂದರು. ಸ್ವಲ್ಪ ಹೊತ್ತಾದ ಮೇಲೆ, "ಎಡಕ್ಕೆ ಏನಿದೆ?" ಅಂದರು.

"ಜೊಂಡು ಇದೆ. ಅದರ ಹಿಂದೆ ಯಾರದೋ ಪಂಪ್‌ಸೆಟ್. ಜೊಂಡಲ್ಲಿ ಒಂದು ಬೆಳ್ಳಕ್ಕಿ."

"ನಿಂತಿದ್ಯೋ, ಹಾರ್ತಿದ್ಯೋ?"

"ನಿಂತಿದೆ. ಒಂದೇ ಕಾಲಲ್ಲಿ."

ಅದನ್ನು ನೋಡಲು ಅವರು ಕೂತಲ್ಲೇ ಮೈಯೆಲ್ಲ ತಿರುಗಿಸಿದರು. ತಿರುಗುತ್ತ ತಿರುಗುತ್ತ ಹಿಂದೆ ಕೂತಿದ್ದ ನಾನು ಕಣ್ಣಿಗೆ ಸಿಕ್ಕಿದೆ. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು.

"ಕಣ್ಣೊರೆಸ್ಕೋ ಮಾರಾಯ್ತಿ," ಅಂದರು. "ಇಬ್ರಿಗೂ ಕಾಣ್ದಿದ್ರೆ ದೋಣಿ ಗತಿಯೇನು?"